ಲೈನ್ ತುಂಬಿರುವಾಗ ಟ್ರಾನ್ಸ್‌ಫರ್ ಒತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಆಫೀಸ್ ಫೋನುಗಳನ್ನು ಇಂಟರ್ನೆಟ್ ಲೈನಿಗೆ ಬದಲಾಯಿಸುವ ಬಗ್ಗೆ ಬಂದ ಬರಹ ಓದಿದೆ. ಹೋಲ್ಡ್, ಟ್ರಾನ್ಸ್‌ಫರ್, ಕಾನ್ಫರೆನ್ಸ್, ರೆಕಾರ್ಡಿಂಗ್, ಮೊಬೈಲಿಗೆ ಫಾರ್ವರ್ಡ್ ಅಂತ ಸೌಲಭ್ಯಗಳನ್ನು ಒಂದೊಂದಾಗಿ ಚೆನ್ನಾಗಿ ವಿವರಿಸಿದ್ದೀರಿ. ಲೈನ್ ಬಗ್ಗೆ ಮಾತ್ರ ಒಂದೇ ಸಾಲು. ಒಟ್ಟಿಗೆ ಎಷ್ಟು ಕರೆ ಬರಬಹುದು ಅಂತ ಲೆಕ್ಕ ಹಾಕಿ ಅಷ್ಟಕ್ಕೆ ಬ್ಯಾಂಡ್‌ವಿಡ್ತ್, ಅಂದರೆ ಲೈನಿನ ಸಾಮರ್ಥ್ಯ, ತಗೊಳ್ಳಿ ಎಂದು. ನನ್ನ ತಕರಾರು ಇರುವುದು ಆ ಸಾಲಿನ ಮೇಲೆ. ನಾನು ಇಂಥ ಫೋನ್ ವ್ಯವಸ್ಥೆಗಳನ್ನು ಕೂರಿಸಿ ಕೊಡುವ ಕೆಲಸದಲ್ಲಿದ್ದೇನೆ. ಕರೆಗಳನ್ನಷ್ಟೇ ಎಣಿಸಿ ಲೈನ್ ತಗೊಂಡವರು ಆಮೇಲೆ ಪೇಚಾಡುವುದು ನಿಮ್ಮ ಬರಹದಲ್ಲಿ ಹೊಗಳಿರುವ ಆ ಬಟನ್‌ಗಳಿಂದಲೇ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಬೇಜಾರಾಗಬೇಡಿ, ಬೇಗ ಮುಗಿಸುತ್ತೇನೆ. ಹೆಚ್ಚಿನ ಆಫೀಸ್ ಫೋನುಗಳು ಮಾತನ್ನು ಜಿ.711 ಎಂಬ ಕೋಡೆಕ್‌ನಲ್ಲಿ, ಅಂದರೆ ದನಿಯನ್ನು ಅಂಕಿಗಳಾಗಿ ಬದಲಾಯಿಸುವ ಒಂದು ವಿಧಾನದಲ್ಲಿ, ಕಳಿಸುತ್ತವೆ. ಅದರಲ್ಲಿ ಮಾತಿನ ಭಾಗವೇ 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಸಾವಿರ ಬಿಟ್. ಈ ಮಾತನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ನಂತೆ ಕಳಿಸಲಾಗುತ್ತದೆ. ಒಂದೊಂದು ಪ್ಯಾಕೆಟ್‌ನಲ್ಲೂ 160 ಬೈಟ್ ಮಾತು, ಅದರ ಮೇಲೆ ವಿಳಾಸ, ಸರಣಿ ಸಂಖ್ಯೆ ಅಂತ 40 ಬೈಟ್ ಹೆಡರ್. ಎಲ್ಲ ಸೇರಿ 80 ಕೆಬಿಪಿಎಸ್. ಆಫೀಸಿನ ಕೇಬಲ್ ಜಾಲದ, ಅಂದರೆ ಈಥರ್ನೆಟ್‌ನ ಹೊದಿಕೆಯನ್ನೂ ಸೇರಿಸಿದರೆ 87ರ ಹತ್ತಿರ ಬರುತ್ತದೆ. ಇದು ಒಂದು ದಿಕ್ಕಿಗೆ. ಹೋಗುವುದಕ್ಕೆ ಇಷ್ಟು, ಬರುವುದಕ್ಕೂ ಇಷ್ಟೇ. ಜಿ.729 ಅಂತ ಇನ್ನೊಂದು ಕೋಡೆಕ್ ಇದೆ, ಅದು ಮಾತನ್ನು ಹಿಂಡಿ 8 ಕೆಬಿಪಿಎಸ್‌ಗೆ ಇಳಿಸುತ್ತದೆ. ಎಂಟು ಪಟ್ಟು ಉಳಿತಾಯ ಅಂತ ಮಾರುವವರು ಹೇಳುವುದು ಇದನ್ನೇ ನೋಡಿ. ಆದರೆ ಪ್ಯಾಕೆಟ್‌ನಲ್ಲಿ ಮಾತು 20 ಬೈಟ್‌ಗೆ ಇಳಿದರೂ ಹೆಡರ್ 40 ಬೈಟ್ ಹಾಗೇ ಇರುತ್ತದಲ್ಲ, ಮೂಗಿಗಿಂತ ಮೂಗುತಿ ಭಾರ! ಹಾಗಾಗಿ ನಿಜವಾಗಿ ಬೇಕಾಗುವುದು 24 ಕೆಬಿಪಿಎಸ್. ಉಳಿತಾಯ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಈಗ ಒಂದು ಶಾಖೆ ಇದೆ ಅಂದುಕೊಳ್ಳಿ. ಫೋನ್ ಸರ್ವರ್ ಮತ್ತು ಹೊರಗಿನ ಲೈನುಗಳು ಹೆಡ್ ಆಫೀಸಿನಲ್ಲಿವೆ. ಶಾಖೆಗೂ ಹೆಡ್ ಆಫೀಸಿಗೂ ನಡುವೆ ಮಾತಿಗೆ ಅಂತ 800 ಕೆಬಿಪಿಎಸ್ ಮೀಸಲಿಟ್ಟಿದ್ದಾರೆ. ಜಿ.711ನಲ್ಲಿ ಹತ್ತು ಕರೆ ಹಿಡಿಸುತ್ತದೆ. ಹನ್ನೊಂದನೆಯದು ಬಂದರೆ?

ಹಳೆಯ ಕಾಲದ ಇ1 ಎಂಬ ಟೆಲಿಫೋನ್ ಲೈನಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ ಇತ್ತು. 30 ಮಾತಿನ ಚಾನೆಲ್, 30 ಕರೆ. 31ನೆಯವರಿಗೆ ಎಂಗೇಜ್ ಟೋನ್. ಆಗಲೇ ಮಾತಾಡುತ್ತಿದ್ದವರಿಗೆ ಏನೂ ಗೊತ್ತೇ ಆಗುತ್ತಿರಲಿಲ್ಲ. ಇಂಟರ್ನೆಟ್ ಲೈನಿನಲ್ಲಿ ಆ ಗೋಡೆ ತಾನಾಗಿ ಇರುವುದಿಲ್ಲ. ಹನ್ನೊಂದನೇ ಕರೆ ಆರಾಮಾಗಿ ಒಳಗೆ ನುಗ್ಗುತ್ತದೆ, ಪ್ಯಾಕೆಟ್‌ಗಳು ಕಾಯುವ ಕ್ಯೂ ತುಂಬುತ್ತದೆ, ರೂಟರ್ ಪ್ಯಾಕೆಟ್‌ಗಳನ್ನು ಬಿಸಾಡಲು ಶುರು ಮಾಡುತ್ತದೆ. ಅದು ಹೊಸಬರ ಪ್ಯಾಕೆಟ್, ಇದು ಹಳಬರ ಪ್ಯಾಕೆಟ್ ಅಂತ ಅದಕ್ಕೆ ಭೇದ ಇಲ್ಲ. ಪರಿಣಾಮ ಏನಪ್ಪಾ ಅಂದ್ರೆ, ಹನ್ನೊಂದೂ ಕರೆಗಳಲ್ಲಿ ಮಾತು ಕಡಿದು ಕಡಿದು ಬರುತ್ತದೆ. ಅದಕ್ಕೇ ಒಳ್ಳೆಯ ಫೋನ್ ವ್ಯವಸ್ಥೆಗಳಲ್ಲಿ ಕಾಲ್ ಅಡ್ಮಿಷನ್ ಕಂಟ್ರೋಲ್ ಅಂತ ಒಂದು ಕಾವಲು ಇರುತ್ತದೆ. ಅದು ಲೆಕ್ಕ ಇಟ್ಟುಕೊಂಡು ಹತ್ತಾದ ಮೇಲೆ ಸಾಕು ಅನ್ನುತ್ತದೆ. ಕೆಲವು ಫೋನುಗಳ ಪರದೆ ಮೇಲೆ ಬ್ಯಾಂಡ್‌ವಿಡ್ತ್ ಸಾಲದು ಅಂತ ನೇರವಾಗಿಯೇ ಬರುತ್ತದೆ. ಕರೆ ಜೋಡಿಸುವ ಎಸ್‌ಐಪಿ ನಿಯಮಾವಳಿಯಲ್ಲೇ, ಅಂದರೆ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯಲ್ಲಿ 2002ರಲ್ಲಿ ಬಂದ 3261ರಲ್ಲಿ, ಬ್ಯಾಂಡ್‌ವಿಡ್ತ್ ಕೊರತೆಗೆ ಅಂತ 370 ಎಂಬ ಎಚ್ಚರಿಕೆ ಸಂಖ್ಯೆಯನ್ನು ಕೊಟ್ಟಿದ್ದಾರೆ.

ಇಲ್ಲಿಯವರೆಗೆ ಎಲ್ಲ ಸರಿ. ಮಿತಿ ಇರಲೇಬೇಕು, ನಾನು ಮಿತಿಯ ಪರವಾಗಿಯೇ ಇದ್ದೇನೆ. ತೊಂದರೆ ಎಲ್ಲಿ ಅಂದರೆ, ಈ ಕಾವಲುಗಾರನಿಗೆ ಗೊತ್ತಿರುವುದು ಹೊಸ ಕರೆ ಬಂತು, ಹಳೇ ಕರೆ ಹೋಯ್ತು ಅನ್ನುವ ಲೆಕ್ಕ ಮಾತ್ರ. ಆಫೀಸಿನಲ್ಲಿ ಕರೆ ಅನ್ನುವುದು ಹಾಗೆ ಒಂದೇ ಕಡೆ ಸುಮ್ಮನೆ ಕೂತಿರುವ ವಸ್ತು ಅಲ್ವಲ್ಲ. ಎತ್ತುತ್ತಾರೆ, ಹೋಲ್ಡ್‌ಗೆ ಹಾಕುತ್ತಾರೆ, ಇನ್ನೊಬ್ಬರನ್ನು ಕೇಳುತ್ತಾರೆ, ಅವರಿಗೆ ದಾಟಿಸುತ್ತಾರೆ, ಮೂರನೆಯವರನ್ನು ಸೇರಿಸುತ್ತಾರೆ. ಹೀಗೆ ಪ್ರತಿ ಸಲ ಬಟನ್ ಒತ್ತಿದಾಗಲೂ ಲೈನಿನ ಲೆಕ್ಕ ಬದಲಾಗುತ್ತದೆ.

ಟ್ರಾನ್ಸ್‌ಫರ್ ತಗೊಳ್ಳಿ. ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸುವುದೂ, ಎಲ್ಲಕ್ಕಿಂತ ಕೋಪ ಬರಿಸುವುದೂ ಇದೇ. ಮೇಲಿನ ಶಾಖೆಯಲ್ಲಿ ಹತ್ತು ಕರೆ ನಡೆಯುತ್ತಿವೆ, ಲೈನ್ ತುಂಬಿದೆ. ಅದರಲ್ಲಿ ಒಂದು ಕರೆ ಶಾಖೆಯ ರಿಸೆಪ್ಷನ್‌ನವರ ಹತ್ತಿರ ಇದೆ. ಗ್ರಾಹಕರಿಗೆ ಬೇಕಾಗಿರುವುದು ಹೆಡ್ ಆಫೀಸಿನ ಲೆಕ್ಕಪತ್ರ ವಿಭಾಗ. ರಿಸೆಪ್ಷನ್‌ನವರು ಮರ್ಯಾದಸ್ಥರು, ಮೊದಲು ಅವರನ್ನು ಕೇಳಿ ಆಮೇಲೆ ಕೊಡೋಣ ಅಂತ ಗ್ರಾಹಕರನ್ನು ಹೋಲ್ಡ್‌ಗೆ ಹಾಕಿ ಹೆಡ್ ಆಫೀಸಿನ ಎಕ್ಸ್‌ಟೆನ್ಷನ್ ಒತ್ತುತ್ತಾರೆ. ಕಾವಲುಗಾರನ ಲೆಕ್ಕದಲ್ಲಿ ಇದು ಹನ್ನೊಂದನೇ ಕರೆ. ಆಗಲ್ಲ ಅಂತಾನೆ. ಈಗ ನೋಡಿ, ಈ ಟ್ರಾನ್ಸ್‌ಫರ್ ಆಗಿಬಿಟ್ಟಿದ್ದರೆ ಗ್ರಾಹಕರ ಮಾತು ಹೊರಗಿನ ಲೈನಿನಿಂದ ನೇರ ಹೆಡ್ ಆಫೀಸಿನ ಫೋನಿಗೇ ಹೋಗುತ್ತಿತ್ತು. ಶಾಖೆಯ ಲೈನಿನಲ್ಲಿ ಹತ್ತರ ಬದಲು ಒಂಬತ್ತೇ ಉಳಿಯುತ್ತಿದ್ದವು. ಅಂದರೆ ಲೈನ್ ಖಾಲಿ ಮಾಡುವ ಕೆಲಸವನ್ನು ಲೈನ್ ತುಂಬಿದೆ ಅನ್ನುವ ಕಾರಣಕ್ಕೆ ತಡೆದ ಹಾಗಾಯ್ತು! ಅದೇ ಅವರು ಏನೂ ಕೇಳದೆ ನೇರವಾಗಿ ದಾಟಿಸಿಬಿಟ್ಟಿದ್ದರೆ, ಅಂದರೆ ಬ್ಲೈಂಡ್ ಟ್ರಾನ್ಸ್‌ಫರ್ ಮಾಡಿದ್ದರೆ, ಸರ್ವರ್ ಹೊಸ ಜೋಡಣೆಯನ್ನು ಹೆಡ್ ಆಫೀಸಿನ ಒಳಗೇ ಮಾಡುತ್ತಿತ್ತು, ಶಾಖೆಯ ಲೈನ್ ಅಡ್ಡ ಬರುತ್ತಲೇ ಇರಲಿಲ್ಲ. ತುಂಬಿದ ಲೈನಿನಲ್ಲಿ ಮರ್ಯಾದೆಗೇ 80 ಕೆಬಿಪಿಎಸ್ ಬೇಕು. ಇದನ್ನು ರಿಸೆಪ್ಷನ್‌ನಲ್ಲಿ ಕೂತವರಿಗೆ ಯಾರೂ ಹೇಳಿಕೊಡುವುದಿಲ್ಲ. ಫೋನ್ ಸರಿ ಇಲ್ಲ ಅಂತ ಅವರು ದೂರು ಕೊಡುತ್ತಾರೆ, ತಂತ್ರಜ್ಞರು ಬರುವ ಹೊತ್ತಿಗೆ ಲೈನ್ ಖಾಲಿ ಇರುತ್ತದೆ, ಎಲ್ಲ ಸರಿ ಇದೆಯಲ್ಲ ಅಂತ ಹೇಳಿ ಹೋಗುತ್ತಾರೆ.

ಹೋಲ್ಡ್ ಕೂಡ ಅಷ್ಟೇ. ಹೋಲ್ಡ್‌ಗೆ ಹಾಕಿದರೆ ಲೈನ್ ಬಿಡುವಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಸಂಗೀತ ಕೇಳಿಸುತ್ತಿದ್ದರೆ ಆ ಸಂಗೀತ ಎಲ್ಲಿಂದಲೋ ಬರಬೇಕಲ್ಲ? ಗ್ರಾಹಕರು ಲೈನಿನ ಒಂದು ತುದಿಯಲ್ಲಿ, ಸಂಗೀತದ ಸರ್ವರ್ ಇನ್ನೊಂದು ತುದಿಯಲ್ಲಿ ಇದ್ದರೆ ಹೋಲ್ಡ್‌ನಲ್ಲಿರುವ ಒಬ್ಬೊಬ್ಬರಿಗೂ ಒಂದೊಂದು 80 ಕೆಬಿಪಿಎಸ್ ಹರಿವು. ಹತ್ತು ಜನ ಕಾಯುತ್ತಿದ್ದರೆ ಅದೇ ಹಾಡಿನ ಹತ್ತು ಪ್ರತಿ. ಸಂಗೀತದ ಫೈಲನ್ನು ಗ್ರಾಹಕರ ತುದಿಯ ಒಂದು ಸಣ್ಣ ಪೆಟ್ಟಿಗೆಯಲ್ಲೇ ಇಟ್ಟುಬಿಟ್ಟರೆ, ಅಥವಾ ಸ್ವಂತ ನೆಟ್‌ವರ್ಕ್ ಇದ್ದು ಮಲ್ಟಿಕಾಸ್ಟ್ (ಒಂದೇ ಹರಿವನ್ನು ಎಲ್ಲರಿಗೂ ಹಂಚುವುದು) ನಡೆಯುವುದಾದರೆ, ಈ ದಂಡ ತಪ್ಪುತ್ತದೆ. ಸಾಮಾನ್ಯ ಇಂಟರ್ನೆಟ್ ಮೇಲೆ ಮಲ್ಟಿಕಾಸ್ಟ್ ನಡೆಯುವುದಿಲ್ಲ, ಅದನ್ನು ಮರೆಯಬೇಡಿ. ಇನ್ನು ಸಂಗೀತ ಬೇಡ, ಸುಮ್ನೆ ಮೌನ ಇರಲಿ ಅಂದರೆ ಇನ್ನೊಂದು ಅಪಾಯ ಇದೆ. ಕೆಲವು ವ್ಯವಸ್ಥೆಗಳು ಹೋಲ್ಡ್ ಆದ ತಕ್ಷಣ ಆ ಕರೆಯ ಪಾಲನ್ನು ಬಿಟ್ಟುಕೊಡುತ್ತವೆ. ಅಷ್ಟರಲ್ಲಿ ಇನ್ನೊಂದು ಕರೆ ಬಂದು ಆ ಜಾಗದಲ್ಲಿ ಕೂತರೆ, ನೀವು ಹೋಲ್ಡ್ ತೆಗೆಯಲು ಹೋದಾಗ ಜಾಗವೇ ಇಲ್ಲ. ಆಗ ಏನಾಗಬೇಕು ಅನ್ನುವುದು ಸೆಟ್ಟಿಂಗ್‌ನ ವಿಷಯ. ಕರೆ ಕಡಿದು ಹೋಗಬೇಕೋ, ಮಿತಿ ಮೀರಿದರೂ ಪರವಾಗಿಲ್ಲ ಅಂತ ಬಿಡಬೇಕೋ? ನನ್ನ ಅಭಿಪ್ರಾಯ ಕೇಳಿದರೆ, ಆಗಲೇ ಒಳಗಿರುವ ಗ್ರಾಹಕರನ್ನು ಯಾವ ಕಾರಣಕ್ಕೂ ಹೊರಗೆ ತಳ್ಳಬಾರದು. ಬೇಕಾದರೆ ಹೊಸಬರಿಗೆ ಎಂಗೇಜ್ ಟೋನ್ ಕೊಡಿ.

ಮೊಬೈಲಿಗೆ ಫಾರ್ವರ್ಡ್ ಮಾಡುವುದು ನೋಡಲು ಪುಕ್ಕಟೆ ಅನ್ನಿಸುತ್ತದೆ. ಆಫೀಸಿನ ಫೋನ್ ಮುಟ್ಟುವವರೇ ಇಲ್ಲ ತಾನೇ? ಆದರೆ ಸರ್ವರ್ ಆಫೀಸಿನಲ್ಲಿದ್ದು ಹೊರಗಿನ ಕರೆಗಳು ಇಂಟರ್ನೆಟ್ ಮೇಲೆ ಬರುವುದಾದರೆ, ಆ ಕರೆ ಒಳಗೆ ಬಂದು ಸರ್ವರ್ ಮುಟ್ಟಿ ಅದೇ ಬಾಗಿಲಿನಿಂದ ಮತ್ತೆ ಹೊರಗೆ ಹೋಗುತ್ತದೆ. ಒಂದು ಮಾತುಕತೆಗೆ ಎರಡು ಚಾನೆಲ್, ಎರಡರಷ್ಟು ಬ್ಯಾಂಡ್‌ವಿಡ್ತ್. ಎಲ್ಲರೂ ಮನೆಗೆ ಹೋದ ಮೇಲೆ, ಕುರ್ಚಿಗಳೆಲ್ಲ ಖಾಲಿ ಇರುವಾಗ, ಲೈನ್ ಹಗಲಿಗಿಂತ ಜಾಸ್ತಿ ತುಂಬಿರುವುದು ಇದರಿಂದಲೇ. ಕ್ಲೌಡ್ ಫೋನ್‌ನಲ್ಲಿ ಸರ್ವರ್ ಹೊರಗೇ ಇರುವುದರಿಂದ ಈ ಸಮಸ್ಯೆ ಬರುವುದಿಲ್ಲ, ಅದು ಅದರ ದೊಡ್ಡ ಲಾಭ. ಆದರೆ ಅಲ್ಲಿ ತಿರುಗುಮುರುಗಾದ ಇನ್ನೊಂದು ಸಮಸ್ಯೆ. ಅನೇಕ ಕ್ಲೌಡ್ ಸೇವೆಗಳು ಎಲ್ಲ ಮಾತನ್ನೂ ತಮ್ಮ ಸರ್ವರ್ ಮೂಲಕವೇ ಹಾಯಿಸುತ್ತವೆ. ಆಗ ಪಕ್ಕದ ಮೇಜಿನವರಿಗೆ ಎಕ್ಸ್‌ಟೆನ್ಷನ್ ಒತ್ತಿ ಮಾತಾಡಿದರೂ ಆ ಮಾತು ಲೈನ್ ಹತ್ತಿ ಹೋಗಿ ಲೈನ್ ಇಳಿದು ಬರುತ್ತದೆ, ಎರಡು ಫೋನಿಗೂ ಒಂದೊಂದು ಹರಿವು. ಎದ್ದು ಹೋಗಿ ಮಾತಾಡಿಸಿದರೆ 160 ಕೆಬಿಪಿಎಸ್ ಉಳಿತಾಯ!

ಕಾನ್ಫರೆನ್ಸ್‌ನಲ್ಲಿ ಮುಖ್ಯ ಪ್ರಶ್ನೆ ಒಂದೇ: ಎಲ್ಲರ ದನಿಯನ್ನು ಬೆರೆಸುವ ಸೇತುವೆ ಎಲ್ಲಿದೆ? ಶಾಖೆಯ ಐವರು ಮತ್ತು ಹೆಡ್ ಆಫೀಸಿನ ಒಬ್ಬರು ಸಭೆ ಸೇರಿದ್ದಾರೆ ಅಂತಿಟ್ಟುಕೊಳ್ಳಿ. ಸೇತುವೆ ಹೆಡ್ ಆಫೀಸಿನಲ್ಲಿದ್ದರೆ ಐದು ಹರಿವು ಲೈನ್ ದಾಟಬೇಕು, 400 ಕೆಬಿಪಿಎಸ್, ಅಂದರೆ ಮಿತಿಯ ಅರ್ಧ. ಅದೇ ಸೇತುವೆ ಶಾಖೆಯಲ್ಲಿದ್ದರೆ ದಾಟುವುದು ಒಂದೇ ಹರಿವು. ಸಭೆ ಅದೇ, ಜನ ಅವರೇ, ಲೆಕ್ಕದಲ್ಲಿ ಐದು ಪಟ್ಟು ವ್ಯತ್ಯಾಸ. ಕೊಳ್ಳುವಾಗ ಎಷ್ಟು ಜನರ ಕಾನ್ಫರೆನ್ಸ್ ಆಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅದು ಯಾವ ಪೆಟ್ಟಿಗೆಯಲ್ಲಿ ಆಗುತ್ತೆ ಅಂತ ಕೇಳುವವರು ಕಡಿಮೆ.

ಇಷ್ಟೆಲ್ಲ ರಗಳೆ ಯಾಕೆ, ಜಿ.729 ಹಾಕಿಬಿಡಿ, ಹತ್ತರ ಜಾಗದಲ್ಲಿ 33 ಕರೆ ಹಿಡಿಸುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಆ ಕೋಡೆಕ್‌ನ ಪೇಟೆಂಟ್ ತೊಡಕೂ 2017ರಿಂದ ಇಲ್ಲ. ಕೊಡಲಿ, ಬರೀ ಇಬ್ಬರು ಮಾತಾಡುವುದಕ್ಕೆ ಅದು ಒಳ್ಳೆಯದೇ. ಆದರೆ ಕೋಡೆಕ್ ಬದಲಾಯಿಸುವುದೂ ಒಂದು ಬಗೆಯ ಮಿತಿಯೇ, ಮತ್ತು ಅದು ಬಟನ್‌ಗಳನ್ನು ಕೆಡಿಸುವ ರೀತಿ ಇನ್ನೂ ವಿಚಿತ್ರ. ಜಿ.729 ಮನುಷ್ಯರ ಮಾತಿನ ಮಾದರಿ ಇಟ್ಟುಕೊಂಡು ಕೆಲಸ ಮಾಡುವ ಕೋಡೆಕ್. ಅದಕ್ಕೆ ಸಂಗೀತ ಕೊಟ್ಟರೆ ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ, ಹೋಲ್ಡ್‌ನಲ್ಲಿ ಕಾಯುವವರಿಗೆ ಶಿಕ್ಷೆ. ಬ್ಯಾಂಕಿಗೋ ಇನ್ನೆಲ್ಲಿಗೋ ಫೋನ್ ಮಾಡಿದಾಗ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುತ್ತಾರಲ್ಲ, ಆ ಟೋನ್‌ಗಳು ಮಾತಿನ ಜೊತೆಗೇ ಹೋದರೆ ಇದರಲ್ಲಿ ಹಿಂಡಿ ಹಿಪ್ಪೆಯಾಗುತ್ತವೆ, ಆ ಕಡೆಯ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ. ಹಾಗಾಗಿ ಟೋನ್ ಅನ್ನು ದನಿಯಾಗಿ ಕಳಿಸದೆ, ಇಂಥ ಅಂಕಿ ಒತ್ತಿದರು ಅನ್ನುವ ಸುದ್ದಿಯಾಗಿ ಬೇರೆ ಪ್ಯಾಕೆಟ್‌ನಲ್ಲಿ ಕಳಿಸುವ ವಿಧಾನ ಬಂತು. 2000ದ ಆರ್‌ಎಫ್‌ಸಿ 2833, ಆಮೇಲೆ ಅದರ ಜಾಗಕ್ಕೆ 2006ರಲ್ಲಿ ಬಂದ 4733 ಇದರ ಬಗ್ಗೆಯೇ ಇವೆ. ಎರಡೂ ತುದಿಯಲ್ಲಿ ಇದನ್ನು ಆನ್ ಮಾಡಿರಬೇಕು, ಒಂದು ಕಡೆ ಮರೆತರೂ ಬಟನ್ ಸತ್ತ ಹಾಗೆ.

ಕಾನ್ಫರೆನ್ಸ್ ಸೇತುವೆಗಳಲ್ಲಿ ಬಹಳಷ್ಟಕ್ಕೆ ಜಿ.711 ಮಾತ್ರ ಅರ್ಥವಾಗುತ್ತದೆ. ಜಿ.729ನಲ್ಲಿ ಬಂದವರನ್ನು ಸೇರಿಸಬೇಕಾದರೆ ನಡುವೆ ಅನುವಾದ ಮಾಡುವ ಟ್ರಾನ್ಸ್‌ಕೋಡರ್ ಬೇಕು, ಅದಕ್ಕೂ ಇಷ್ಟು ಕರೆ ಅಂತ ಅದರದ್ದೇ ಮಿತಿ ಇರುತ್ತದೆ. ಲೈನಿನಲ್ಲಿ ಜಾಗ ಬೇಕಾದಷ್ಟು ಇದ್ದೂ ಕಾನ್ಫರೆನ್ಸ್ ಬಟನ್ ಒತ್ತಿದರೆ ಏನೂ ಆಗದಿರುವ ಪ್ರಕರಣಗಳಲ್ಲಿ ಹಲವು ಈ ಜಾತಿಯವು. ಫ್ಯಾಕ್ಸ್ ಇನ್ನೂ ಮೋಜಿನದು. ಫ್ಯಾಕ್ಸ್ ಯಾರು ಬಳಸುತ್ತಾರೆ ಅಂತ ನಗಬೇಡಿ, ಬಳಸುವವರು ಇನ್ನೂ ಇದ್ದಾರೆ. ಫ್ಯಾಕ್ಸ್ ಕರೆ ಶುರುವಾಗುವುದು ಸಾಮಾನ್ಯ ಕರೆಯ ಹಾಗೇ, ಕಾವಲುಗಾರ 24 ಕೆಬಿಪಿಎಸ್ ಅಂತ ಬರೆದುಕೊಂಡಿರುತ್ತಾನೆ. ಫ್ಯಾಕ್ಸ್ ಟೋನ್ ಕೇಳಿದ ತಕ್ಷಣ ಸಾಧನ ಕೋಡೆಕ್ ಅನ್ನು ಜಿ.711ಕ್ಕೆ ಬದಲಾಯಿಸಲು ಹೊರಡುತ್ತದೆ, ಯಾಕೆಂದರೆ ಜಿ.729ನಲ್ಲಿ ಫ್ಯಾಕ್ಸ್ ಹೋಗುವುದೇ ಇಲ್ಲ. ಕರೆಯ ಮಧ್ಯದಲ್ಲಿ 24 ಇದ್ದದ್ದು 80 ಆಗಬೇಕು. ಜಾಗ ಇಲ್ಲದಿದ್ದರೆ ಅರ್ಧ ಪುಟಕ್ಕೆ ಕೈ ಎತ್ತಿತು ಅಂತ ಲೆಕ್ಕ. ಇದಕ್ಕೆ ಅಂತಲೇ ಟಿ.38 ಎಂಬ ಫ್ಯಾಕ್ಸ್ ವಿಧಾನ ಇದೆ, ಎರಡೂ ಕಡೆಯವರು ಅದನ್ನು ಒಪ್ಪಿಕೊಂಡರೆ ಈ ಗೋಳು ಇರುವುದಿಲ್ಲ.

ಈಗ ರೆಕಾರ್ಡಿಂಗ್. ಇದನ್ನು ಸೌಲಭ್ಯ ಅಂತಲೇ ಜನ ಎಣಿಸುವುದಿಲ್ಲ, ಒಂದು ಸಲ ಟಿಕ್ ಹಾಕಿ ಮರೆತುಬಿಡುತ್ತಾರೆ. ಆದರೆ ಕೆಲವು ವ್ಯವಸ್ಥೆಗಳಲ್ಲಿ ಫೋನೇ ಮಾತನ್ನು ನಕಲು ಮಾಡಿ ರೆಕಾರ್ಡರ್‌ಗೆ ಕಳಿಸುತ್ತದೆ. ತನ್ನ ದನಿಯ ಒಂದು ಪ್ರತಿ, ಎದುರಿನವರ ದನಿಯ ಒಂದು ಪ್ರತಿ. ರೆಕಾರ್ಡರ್ ಹೆಡ್ ಆಫೀಸಿನಲ್ಲಿದ್ದರೆ ಶಾಖೆಯಿಂದ ಹೊರಹೋಗುವ ಹರಿವು ಒಂದು ಕರೆಗೆ ಮೂರು: ಅಸಲಿ ಮಾತು 80, ನಕಲುಗಳು 160, ಒಟ್ಟು 240 ಕೆಬಿಪಿಎಸ್. ಒಳಬರುವ ಕಡೆ ಮಾತ್ರ 80 ಹಾಗೇ ಇರುತ್ತದೆ. ಹತ್ತು ಕರೆ ನಡೆದರೆ ಒಳಗೆ 800, ಹೊರಗೆ 2,400. ಅಪ್‌ಲೋಡ್ ಡೌನ್‌ಲೋಡ್‌ಗಿಂತ ಕಡಿಮೆ ಇರುವ ಇಂಟರ್ನೆಟ್ ಪ್ಲಾನ್‌ಗಳೇ ಸಾಮಾನ್ಯವಾಗಿರುವಾಗ ಪೆಟ್ಟು ಬೀಳುವುದು ಇರುವುದರಲ್ಲೇ ಸಣ್ಣ ಬಾಗಿಲಿಗೆ. ಲಕ್ಷಣವೂ ವಿಚಿತ್ರವಾಗಿರುತ್ತದೆ. ಆಫೀಸಿನವರಿಗೆ ಗ್ರಾಹಕರ ಮಾತು ಸ್ಪಷ್ಟ, ಗ್ರಾಹಕರಿಗೆ ಆಫೀಸಿನವರ ಮಾತು ತುಂಡು ತುಂಡು. ಹಲೋ ಹಲೋ ಅಂತ ಗ್ರಾಹಕರು ಕೂಗುವುದು, ಇಲ್ಲಿ ಚೆನ್ನಾಗೇ ಕೇಳ್ತಿದೆಯಲ್ಲ ಅಂತ ಇವರು ಹೇಳುವುದು. ಇದರ ಮೇಲೆ ಮೇಲ್ವಿಚಾರಕರು ಕರೆಯನ್ನು ಕದ್ದು ಕೇಳುವ ಬಟನ್ ಒತ್ತಿದರೆ ಮತ್ತೊಂದು ಹರಿವು ಸೇರಿಕೊಳ್ಳುತ್ತದೆ. ಕರೆಯ ಗುಣಮಟ್ಟ ಪರೀಕ್ಷಿಸಲು ಹೋಗಿ ಆ ಗುಣಮಟ್ಟವನ್ನೇ ಕೆಡಿಸಿದ ಹಾಗೆ. ರೆಕಾರ್ಡರ್ ಅನ್ನು ಶಾಖೆಯಲ್ಲೇ ಇಟ್ಟು ರಾತ್ರಿ ಹೊತ್ತು ಫೈಲ್ ಕಳಿಸಿಕೊಂಡರೆ ಸಾಕು. ಇಲ್ಲವೇ ಗೇಟ್‌ವೇ ಹತ್ತಿರ, ಅಂದರೆ ಹೊರಗಿನ ಕರೆ ಒಳಗೆ ಬರುವ ಜಾಗದಲ್ಲೇ ನಕಲು ತೆಗೆಯಬಹುದು. ಎರಡನೆಯದರಲ್ಲಿ ಎಕ್ಸ್‌ಟೆನ್ಷನ್‌ನಿಂದ ಎಕ್ಸ್‌ಟೆನ್ಷನ್‌ಗೆ ಮಾಡಿದ ಕರೆಗಳು ದಾಖಲಾಗುವುದಿಲ್ಲ, ಅದೊಂದು ನೆನಪಿರಲಿ.

ವಿಡಿಯೋ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 720ಪಿ ಚಿತ್ರಕ್ಕೆ ಸುಮಾರು 1 ಎಂಬಿಪಿಎಸ್, ಅಂದರೆ 1,000 ಕೆಬಿಪಿಎಸ್ ಹಿಡಿದರೂ ಒಂದು ಬಟನ್ ಒತ್ತಿದ್ದಕ್ಕೆ ಹನ್ನೆರಡು ಕರೆಯ ಜಾಗ ಹೋಯಿತು. ವಿಡಿಯೋಗೆ ಬೇರೆ ಮಿತಿ, ಮಾತಿಗೆ ಬೇರೆ ಮಿತಿ ಇಡಲೇಬೇಕು, ಮತ್ತು ವಿಡಿಯೋಗೆ ಜಾಗ ಇಲ್ಲದಿದ್ದರೆ ಚಿತ್ರ ಬಿಟ್ಟು ಮಾತು ಮುಂದುವರಿಯಬೇಕು. ಗೂಢಲಿಪಿ ಹಾಕಿದರೆ ತೂಕ ಅಷ್ಟೇನೂ ಏರುವುದಿಲ್ಲ. ಮಾತಿಗೆ ಗೂಢಲಿಪಿ ಹಾಕುವ ಎಸ್‌ಆರ್‌ಟಿಪಿ ವಿಧಾನದಲ್ಲಿ ಸಾಮಾನ್ಯವಾಗಿ ಪ್ಯಾಕೆಟ್‌ಗೆ 10 ಬೈಟ್, ಅಂದರೆ 4 ಕೆಬಿಪಿಎಸ್ ಅಷ್ಟೇ ಹೆಚ್ಚು. ಉಳಿತಾಯದ ನೆಪ ಹೇಳಿ ಅದನ್ನು ಆಫ್ ಮಾಡುವವರ ಮಾತು ಕೇಳಬೇಡಿ. ವಿಪಿಎನ್, ಅಂದರೆ ಎಲ್ಲ ಪ್ಯಾಕೆಟ್‌ಗಳನ್ನೂ ಇನ್ನೊಂದು ಗುಪ್ತ ಹೊದಿಕೆಯಲ್ಲಿ ಸುತ್ತಿ ಕಳಿಸುವುದು, ಮಾತ್ರ ಭಾರ, ಅದರಲ್ಲೂ ಜಿ.729ನಂಥ ಪುಟ್ಟ ಪ್ಯಾಕೆಟ್‌ಗಳಿಗೆ.

ಇನ್ನೊಂದು ವಿಷಯ ನಿಮ್ಮ ಬರಹದಲ್ಲಿ ಇರಬೇಕಿತ್ತು. ಕರೆ ಹೋಗದಿದ್ದರೆ ಲೈನ್ ಸಾಲದು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮಿತಿಗಳು ಮೂರು ಬಗೆಯವು. ಬ್ಯಾಂಡ್‌ವಿಡ್ತ್‌ದು ಒಂದು. ಹೊರಗಿನ ಕರೆ ಕೊಡುವ ಕಂಪನಿಯವರು ಇಷ್ಟು ಚಾನೆಲ್ ಅಂತ ಮಾರಿರುವುದು ಇನ್ನೊಂದು. ಫೋನ್ ಸಾಫ್ಟ್‌ವೇರ್‌ನ ಲೈಸೆನ್ಸ್ ಮೂರನೆಯದು. ಮೂರರಲ್ಲಿ ಯಾವುದು ಮುಗಿದರೂ ಬಹಳಷ್ಟು ಸಲ ಕೇಳಿಸುವುದು ಅದೇ ಎಂಗೇಜ್ ಟೋನ್. ಚಾನೆಲ್ ಮುಗಿದಿರುವಾಗ ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ. ಯಾವ ಮಿತಿ ತಾಗಿತು ಅಂತ ಸರ್ವರ್‌ನ ಲಾಗ್‌ನಲ್ಲಿ ಇರುತ್ತದೆ, ಮೊದಲು ಅದನ್ನು ತೋರಿಸಿ ಅಂತ ಕೇಳಬೇಕು.

ನಿಮ್ಮ ಬರಹಗಾರರು ಹೇಳಿದ ಆ ಕರೆಗಳ ಲೆಕ್ಕಕ್ಕೂ ಒಳ್ಳೆಯ ಇತಿಹಾಸವೇ ಇದೆ ಅನ್ನಿ. ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಇವತ್ತಿಗೂ ಬಳಸುತ್ತೇವೆ. ಸರಾಸರಿ ಹತ್ತು ಕರೆ ನಡೆಯುವಷ್ಟು ದಟ್ಟಣೆ ಇದ್ದರೆ, ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆ ತಿರಸ್ಕೃತವಾಗಬಾರದು ಅಂದರೆ, 18 ಚಾನೆಲ್ ಬೇಕು ಅಂತ ಆ ಸೂತ್ರ ಹೇಳುತ್ತದೆ. ಹತ್ತಕ್ಕೆ ಹತ್ತೇ ಸಾಕು ಅನ್ನುವವರಿಗೆ ಇದೇ ದೊಡ್ಡ ಆಘಾತ. ಆದರೆ ಸೂತ್ರದೊಳಗೆ ಒಂದು ನಂಬಿಕೆ ಅಡಗಿದೆ, ಒಂದು ಕರೆಗೆ ಒಂದು ಚಾನೆಲ್ ಅನ್ನುವುದು. ಫಾರ್ವರ್ಡ್ ಆದ ಕರೆಗೆ ಎರಡು, ಕೇಳಿ ಕೊಡುವ ಟ್ರಾನ್ಸ್‌ಫರ್‌ಗೆ ಸ್ವಲ್ಪ ಹೊತ್ತು ಎರಡು, ರೆಕಾರ್ಡ್ ಆಗುವ ಕರೆಗೆ ಒಂದು ದಿಕ್ಕಿನಲ್ಲಿ ಮೂರು. ಹಾಗಾಗಿ ಸೂತ್ರಕ್ಕೆ ಹಾಕುವ ಅಂಕಿ ಕರೆಗಳದ್ದಲ್ಲ, ಹರಿವುಗಳದ್ದಾಗಿರಬೇಕು. ಯಾವ ವಿಭಾಗದವರು ಯಾವ ಬಟನ್ ಎಷ್ಟು ಒತ್ತುತ್ತಾರೆ ಅಂತ ನೋಡದೆ ಆ ಅಂಕಿ ಸಿಗುವುದಿಲ್ಲ. ದಿನವಿಡೀ ಟ್ರಾನ್ಸ್‌ಫರ್ ಮಾಡುವ ರಿಸೆಪ್ಷನ್ ಒಂದು ರೀತಿ, ಒಂದೇ ಕರೆಯಲ್ಲಿ ಗಂಟೆಗಟ್ಟಲೆ ಕೂರುವ ಸಹಾಯವಾಣಿ ಇನ್ನೊಂದು ರೀತಿ.

ಈಗೆಲ್ಲ ಫೈಬರ್ ಬಂದಿದೆ, 100 ಎಂಬಿಪಿಎಸ್ ಸಲೀಸಾಗಿ ಸಿಗುತ್ತದೆ, ಈ 80 ಕೆಬಿಪಿಎಸ್ ಲೆಕ್ಕ ಯಾಕೆ ಅಂತ ಯಾರಾದರೂ ಬರೆಯುತ್ತಾರೆ ಅಂತ ನನಗೆ ಗೊತ್ತು. ಎಲ್ಲ ಕಡೆ ಅಂಥ ಫೈಬರ್ ಇದ್ದರೆ ನಿಜಕ್ಕೂ ಅರ್ಧ ತಲೆನೋವು ಹೋಗುತ್ತದೆ. ಉಳಿದರ್ಧ ಎಲ್ಲಿರುತ್ತದೆ ಅಂದರೆ, ಅದೇ ಲೈನಿನಲ್ಲಿ ಬ್ಯಾಕಪ್, ವಿಡಿಯೋ ಸಭೆ, ದೊಡ್ಡ ಫೈಲ್ ಎಲ್ಲವೂ ಹೋಗುತ್ತಿರುತ್ತದೆ. ಒಂದು ಅಪ್‌ಲೋಡ್ ಕ್ಯೂ ತುಂಬಿಸಿದರೆ ಮಾತಿನ ಪ್ಯಾಕೆಟ್ ಹಿಂದೆ ನಿಲ್ಲುತ್ತದೆ. ಮಾತು ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುನ ಜಿ.114 ಶಿಫಾರಸು. ತುಂಬಿದ ಕ್ಯೂನಲ್ಲಿ ಅದನ್ನು ಮೀರುವುದು ಏನೂ ಕಷ್ಟ ಅಲ್ಲ. ಮಾತಿನ ಪ್ಯಾಕೆಟ್‌ಗೆ 46 ಅಂತ ಡಿಎಸ್‌ಸಿಪಿ ಗುರುತು, ಅಂದರೆ ಆದ್ಯತೆಯ ಗುರುತು, ಹಾಕಿ ಮುಂದಿನ ಸಾಲಿಗೆ ಬಿಡಬಹುದು. ಅದು ನಿಮ್ಮ ರೂಟರ್‌ನಲ್ಲಿ ಕೆಲಸ ಮಾಡುತ್ತದೆ, ಆಚೆಯ ಇಂಟರ್ನೆಟ್‌ನಲ್ಲಿ ಆ ಗುರುತಿಗೆ ಬೆಲೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಜೊತೆಗೆ ರೂಟರ್‌ನಲ್ಲಿ ಆ ಮುಂದಿನ ಸಾಲಿಗೆ ಇಟ್ಟ ಜಾಗ ಮತ್ತು ಕಾವಲುಗಾರನಿಗೆ ಕೊಟ್ಟ ಮಿತಿ ಒಂದಕ್ಕೊಂದು ಹೊಂದಬೇಕು. ರೂಟರ್ ನೋಡಿಕೊಳ್ಳುವವರು ಒಬ್ಬರು, ಫೋನ್ ನೋಡಿಕೊಳ್ಳುವವರು ಇನ್ನೊಬ್ಬರು ಆಗಿದ್ದರೆ ಇವು ಹೊಂದಿರುವುದು ಅಪರೂಪ. ಮನೆಯಿಂದ ಕೆಲಸ ಮಾಡುವವರ ಲೈನ್ ಅಂತೂ ಯಾರ ಹಿಡಿತದಲ್ಲೂ ಇಲ್ಲ. ಅಲ್ಲಿ ಓಪಸ್‌ನಂಥ ಕೋಡೆಕ್ ವಾಸಿ. 2012ರ ಆರ್‌ಎಫ್‌ಸಿ 6716ರಲ್ಲಿ ಬಂದ ಇದು 6ರಿಂದ 510 ಕೆಬಿಪಿಎಸ್‌ವರೆಗೆ ಲೈನ್ ನೋಡಿಕೊಂಡು ಹಿಗ್ಗಬಲ್ಲದು, ಕುಗ್ಗಬಲ್ಲದು. ಆದರೆ ಸಾಮಾನ್ಯ ಫೋನ್ ಜಾಲಕ್ಕೆ ಹೋಗುವ ಕರೆಯನ್ನು ಎಲ್ಲೋ ಒಂದು ಕಡೆ ಬೇರೆ ಕೋಡೆಕ್‌ಗೆ ಬದಲಾಯಿಸಲೇಬೇಕು, ಮತ್ತೆ ಟ್ರಾನ್ಸ್‌ಕೋಡರ್ ಲೆಕ್ಕ ಬಂತು.

ಆದ್ದರಿಂದ ಸಂಪಾದಕರೇ, ಮುಂದಿನ ಸಲ ಈ ವಿಷಯ ಬರೆಯುವಾಗ ಓದುಗರಿಗೆ ಒಂದು ಪರೀಕ್ಷೆ ಹೇಳಿಕೊಡಿ. ಹೊಸ ವ್ಯವಸ್ಥೆಗೆ ದುಡ್ಡು ಪೂರ್ತಿ ಕೊಡುವ ಮುಂಚೆ, ಮಿತಿಯಷ್ಟೂ ಕರೆಗಳನ್ನು ಎಬ್ಬಿಸಿ ಲೈನ್ ತುಂಬಿಸಬೇಕು. ಆಮೇಲೆ ಒಂದೊಂದೇ ಬಟನ್ ಒತ್ತಬೇಕು. ಹೋಲ್ಡ್ ಹಾಕಿ ತೆಗೆಯಿರಿ, ಕೇಳಿ ಕೊಡುವ ಟ್ರಾನ್ಸ್‌ಫರ್ ಮಾಡಿ, ಕೇಳದೇ ಕೊಡುವುದನ್ನೂ ಮಾಡಿ, ಮೂರನೆಯವರನ್ನು ಸೇರಿಸಿ, ಫ್ಯಾಕ್ಸ್ ಇದ್ದರೆ ಒಂದು ಪುಟ ಕಳಿಸಿ. ಖಾಲಿ ಲೈನಿನಲ್ಲಿ ಡೆಮೊ ತೋರಿಸಿದರೆ ಎಲ್ಲವೂ ಕೆಲಸ ಮಾಡುತ್ತದೆ. ಯಾವುದು ಕೈಕೊಟ್ಟಿತು, ಕೊಟ್ಟಾಗ ಏನು ಹೇಳಿತು, ಗ್ರಾಹಕರ ಕರೆ ಉಳಿಯಿತೋ ಹೋಯಿತೋ ಅಂತ ಬರೆದಿಟ್ಟುಕೊಳ್ಳಿ. ಹಾಗೇ ಫೋನ್ ರಿಂಗ್ ಆಗಿ, ಎತ್ತಿದ ಮೇಲೆ ಜಾಗ ಇಲ್ಲ ಅಂತ ಕಡಿದುಹೋಗುವ ವ್ಯವಸ್ಥೆ ಇದ್ದರೆ ಅದೂ ಆಗಲೇ ಗೊತ್ತಾಗುತ್ತದೆ. ಮೊದಲು ಜಾಗ ಕಾದಿರಿಸಿ, ಆಮೇಲೆ ರಿಂಗ್ ಮಾಡಿ ಅನ್ನುವ ವಿಧಾನ 2002ರಲ್ಲೇ ಆರ್‌ಎಫ್‌ಸಿ 3312ರಲ್ಲಿ ಬರೆದಿಟ್ಟಿದ್ದಾರೆ, ಹೊಸದೇನಲ್ಲ.

ಹೊಸ ಕರೆಗಳ ಮಿತಿಯನ್ನು ಲೈನಿನ ತುತ್ತತುದಿಗೆ ಇಡಬೇಡಿ ಅಂತಲೂ ಬರೆಯಿರಿ. ಹತ್ತು ಹಿಡಿಸುವ ಕಡೆ ಎಂಟಕ್ಕೇ ನಿಲ್ಲಿಸಿ, ಉಳಿದ ಎರಡರ ಜಾಗ ಒಳಗಿರುವವರ ಟ್ರಾನ್ಸ್‌ಫರ್‌ಗೆ, ಕಾನ್ಫರೆನ್ಸ್‌ಗೆ ಇರಲಿ. ಹೀಗೆ ಎರಡು ಬೇರೆ ಮಿತಿ ಇಡಲು ಬರುತ್ತದಾ ಅಂತ ಮಾರುವವರನ್ನು ಕೇಳಿದರೆ ಹೆಚ್ಚಿನವರು ಮುಖ ಮುಖ ನೋಡುತ್ತಾರೆ, ಕೇಳುತ್ತಾ ಇದ್ದರೆ ನಾಳೆ ಮಾಡಿಯಾರು. ಇನ್ನು ತುರ್ತು ಸಂಖ್ಯೆಗೆ ಮಾಡಿದ ಕರೆಯನ್ನು ಯಾವ ಮಿತಿಯೂ ತಡೆಯಬಾರದು. ಲೈನ್ ತುಂಬಿದ್ದರೆ ಇನ್ನೊಂದು ಕರೆಯನ್ನು ಕಡಿದಾದರೂ ಅದಕ್ಕೆ ಜಾಗ ಮಾಡಬೇಕು, ಇಲ್ಲವೇ ಪ್ರತಿ ಶಾಖೆಯಲ್ಲೂ ಒಂದು ಬೇರೆ ಲೈನನ್ನು ಅದಕ್ಕೇ ಅಂತ ಇಟ್ಟಿರಬೇಕು. ಆ ಸೆಟ್ಟಿಂಗ್ ಹೇಗಿದೆ ಅಂತ ನಿಮ್ಮ ಪತ್ರಿಕೆಯ ಆಫೀಸಿನ ಫೋನ್ ನೋಡಿಕೊಳ್ಳುವವರನ್ನೂ ಒಮ್ಮೆ ಕೇಳಿ.

ಇಂತಿ,
ಫೋನ್ ವ್ಯವಸ್ಥೆ ಅಳವಡಿಸುವ ಕೆಲಸದಲ್ಲಿರುವ ನಿಮ್ಮ ಒಬ್ಬ ಓದುಗ